ನಾಲ್ಕು ಭುಜ, ಐದನೆಯ ಕಟ್ಟಳೆ

ನಮ್ಮ ಸಂಘದ ವಾಚನಾಲಯಕ್ಕೆ ಸಂಜೆಯ ಹೊತ್ತು ಬಂದು ಹೋಗುವ ತರುಣರಲ್ಲಿ ಒಬ್ಬಾತ ಕಂಪ್ಯೂಟರಿನಲ್ಲಿ ಯಂತ್ರಭಾಗಗಳ ನಕ್ಷೆ ಬರೆಯುವ ಕೆಲಸದಲ್ಲಿದ್ದಾನೆ. ಹೋದ ವರ್ಷ ಒಂದು ದಿನ ಆತ ಮುಖ ಬಾಡಿಸಿಕೊಂಡು ಬಂದು ಕುಳಿತ. ವಿಚಾರಿಸಿದಾಗ ತಿಳಿದದ್ದು ಇಷ್ಟು. ಗಿರಾಕಿಯೊಬ್ಬರು ಉಕ್ಕಿನ ತಗಡೊಂದಕ್ಕೆ ನಾಲ್ಕು ಬದಿಗಳ ಅಳತೆ ಬರೆದು ಕಳುಹಿಸಿದ್ದರು. ನಾಲ್ಕೂ ಬೇರೆ ಬೇರೆ. ಈತ ಆ ನಾಲ್ಕನ್ನೂ ತಪ್ಪಿಲ್ಲದೆ ನಮೂದಿಸಿ, ಕಣ್ಣಿಗೆ ಸರಿಕಂಡ ಹಾಗೆ ಆಕೃತಿಯನ್ನು ನಿಲ್ಲಿಸಿ ಕಾರ್ಖಾನೆಗೆ ಕೊಟ್ಟ. ಹನ್ನೆರಡು ತಗಡುಗಳು ಕತ್ತರಿಸಿ ಬಂದವು. ಬದಿಗಳನ್ನು ಅಳೆದರೆ ಒಂದು ಮಿಲಿಮೀಟರೂ ತಪ್ಪಿಲ್ಲ. ಆದರೆ ಒಂದಾದರೂ ಕೂರಬೇಕಾದ ಕಡೆ ಕೂರಲಿಲ್ಲ. ಹನ್ನೆರಡೂ ಗುಜರಿಗೆ ಹೋದವು; ಅವುಗಳ ಬೆಲೆ ಈತನ ಸಂಬಳದಿಂದ ಕಡಿತವಾಯಿತು. “ನಾಲ್ಕು ಅಳತೆಯೂ ಸರಿ ಇದೆ ಮಾಮಾ, ಮತ್ತೆ ನನ್ನ ತಪ್ಪೇನು?” ಎಂದು ಕೇಳಿದ.

ಈ ಪ್ರಶ್ನೆಗೆ ತಕ್ಕ ಉತ್ತರ ನಮಗೆ ಆಗಲೇ ಹೊಳೆಯಲಿಲ್ಲವೆಂದು ಒಪ್ಪಿಕೊಳ್ಳಬೇಕು. ಅದು ಕೂಡಿಬಂದದ್ದು, ಕೆಲವು ತಿಂಗಳ ನಂತರ ನಾವು ಕೊಚ್ಚಿ ಮತ್ತು ತಿರುವನಂತಪುರಗಳಿಗೆ ಹೋಗಿಬಂದಾಗ. ಆತನ ಪ್ರಶ್ನೆ ಸುಮಾರು ಒಂಬೈನೂರು ವರ್ಷಗಳಷ್ಟು ಹಳೆಯದು; ಅದನ್ನು ಕೇಳಿದವರಲ್ಲಿ ನಮ್ಮ ನಾಡಿನವರೆಂದು ನಾವು ಹೆಮ್ಮೆಪಡುವ ಒಬ್ಬರಿದ್ದಾರೆ; ಅದಕ್ಕೆ ಪೂರ್ತಿ ಉತ್ತರ ಸಿಕ್ಕಿದ್ದು ಕೇರಳದಲ್ಲಿ. ಆ ಕಥೆಯನ್ನೇ ಇಲ್ಲಿ ವಾಚಕರ ಮುಂದಿಡಲು ಬಯಸುತ್ತೇವೆ.

ಕಡ್ಡಿಗಳ ಪಾಠ

ಮೊದಲು ವಿಷಯವನ್ನು ಕೈಯಿಂದಲೇ ತಿಳಿದುಕೊಳ್ಳೋಣ. ಮೂರು ಬಿದಿರು ಕಡ್ಡಿಗಳನ್ನು ತುದಿಗೆ ತುದಿ ಸೇರಿಸಿ ಸಡಿಲವಾಗಿ ಮೊಳೆ ಹೊಡೆಯಿರಿ. ತ್ರಿಭುಜ ಬರುತ್ತದೆ, ಎಷ್ಟು ಎಳೆದರೂ ಅಲುಗುವುದಿಲ್ಲ. ಈಗ ನಾಲ್ಕು ಕಡ್ಡಿಗಳನ್ನು ಹಾಗೆಯೇ ಸೇರಿಸಿ. ಹಳೆಯ ಮಂಚದ ಹಾಗೆ ಅದು ಆ ಕಡೆ ಈ ಕಡೆ ವಾಲುತ್ತದೆ. ಕಡ್ಡಿಗಳ ಉದ್ದ ಬದಲಾಗಿಲ್ಲ, ಆದರೂ ಆಕೃತಿ ಬದಲಾಗುತ್ತಲೇ ಇರುತ್ತದೆ. ನಮ್ಮೂರ ಬಡಗಿ ಬಾಗಿಲ ಚೌಕಟ್ಟನ್ನು ಎತ್ತಿ ನಿಲ್ಲಿಸುವ ಮುನ್ನ ಮೂಲೆಯಿಂದ ಮೂಲೆಗೆ ಒಂದು ಅಡ್ಡಪಟ್ಟಿ ಹೊಡೆಯುವುದು ಈ ಕಾರಣಕ್ಕೇ. ಆ ಪಟ್ಟಿಯೇ ಐದನೆಯ ಮಾತು.

ಇದಕ್ಕೆ ಲೆಕ್ಕವೂ ಇದೆ. ಸಮತಲದಲ್ಲಿ ಒಂದು ಬಿಂದು ಎಲ್ಲಿದೆ ಎಂದು ಹೇಳಲು ಎರಡು ಸಂಖ್ಯೆ ಬೇಕು. ನಾಲ್ಕು ಬಿಂದುಗಳಿಗೆ ಎಂಟು. ಆಕೃತಿಯನ್ನು ಇಡಿಯಾಗಿ ಅಡ್ಡಕ್ಕೆ ಸರಿಸಬಹುದು, ಉದ್ದಕ್ಕೆ ಸರಿಸಬಹುದು, ತಿರುಗಿಸಬಹುದು. ಈ ಮೂರರಿಂದ ಆಕಾರ ಬದಲಾಗದು. ಎಂಟರಲ್ಲಿ ಮೂರು ಕಳೆದರೆ ಐದು. ಆದ್ದರಿಂದ ಚತುರ್ಭುಜ ನಿಲ್ಲಬೇಕಾದರೆ ಐದು ಕಟ್ಟಳೆಗಳು ಬೇಕು; ನಾಲ್ಕು ಬದಿಗಳು ಕೊಡುವುದು ನಾಲ್ಕನ್ನು ಮಾತ್ರ. ಬಿಂದುಗಳ ಸಂಖ್ಯೆಯನ್ನು ಇಮ್ಮಡಿಸಿ ಮೂರು ಕಳೆಯುವ ಈ ಲೆಕ್ಕವನ್ನು, ಯಾವ ಭಾಗದಲ್ಲೂ ಕಟ್ಟಳೆ ಅತಿಯಾಗಿರಬಾರದೆಂಬ ಷರತ್ತಿನೊಡನೆ, 1927ರಲ್ಲಿ ಹಿಲ್ಡಾ ಗೈರಿಂಗರ್ ಎಂಬ ಗಣಿತಜ್ಞೆಯೂ, 1970ರಲ್ಲಿ ಡಚ್ ಗಣಿತಜ್ಞ ಲಾಮನ್ ಅವರೂ ಪ್ರಮೇಯದ ರೂಪಕ್ಕೆ ತಂದರು.

ನಕ್ಷೆ ಬರೆಯುವ ಇಂದಿನ ಕಂಪ್ಯೂಟರ್ ತಂತ್ರಾಂಶಗಳು ನಡೆಯುವುದು ಈ ಲೆಕ್ಕದ ಮೇಲೆ. ಅಲ್ಲಿ ಮೊದಲು ಕೈಗೆ ಬಂದಂತೆ ಗೆರೆ ಎಳೆಯಬಹುದು. ಆಮೇಲೆ ಈ ಗೆರೆ ಅಡ್ಡ, ಆ ಗೆರೆ ನೇರ, ಇವೆರಡು ಸಮಾಂತರ, ಅವೆರಡು ಲಂಬ, ಈ ಗೆರೆ ಆ ವೃತ್ತಕ್ಕೆ ಸ್ಪರ್ಶಕ, ಇವು ಸಮ ಎಂದು ಒಂದೊಂದಾಗಿ ಸಂಬಂಧಗಳನ್ನು ಹೇಳುತ್ತಾ ಹೋಗಬೇಕು. ಇವನ್ನೇ ಆ ಕಸುಬಿನವರು ಕನ್‌ಸ್ಟ್ರೇಂಟ್ ಎನ್ನುತ್ತಾರೆ. ನಾವು ಕಟ್ಟಳೆ ಎನ್ನೋಣ. ಕೊನೆಗೆ ಅಳತೆ. ಇನ್ನೂ ಎಷ್ಟು ಸ್ವಾತಂತ್ರ್ಯ ಉಳಿದಿದೆ ಎಂದು ಯಂತ್ರ ಲೆಕ್ಕ ಹಾಕಿ ತೋರಿಸುತ್ತದೆ. ಫ್ರೀಕ್ಯಾಡ್ ಎಂಬ, ಯಾರು ಬೇಕಾದರೂ ಹಣ ಕೊಡದೆ ಬಳಸಬಹುದಾದ ತಂತ್ರಾಂಶದಲ್ಲಿ, ಎಲ್ಲ ಸ್ವಾತಂತ್ರ್ಯವೂ ಮುಗಿದಾಗ ಗೆರೆಗಳು ಹಸಿರಾಗುತ್ತವೆ. ನಮ್ಮ ತರುಣನ ಪರದೆಯ ಮೇಲೂ ‘ಒಂದು ಉಳಿದಿದೆ’ ಎಂಬ ಸೂಚನೆ ಬಂದಿತ್ತಂತೆ. ಆತ ಅದನ್ನು ಓದಿರಲಿಲ್ಲ. ಓದಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಭಾಸ್ಕರಾಚಾರ್ಯರ ಗದರಿಕೆ

ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತರು ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಚತುರ್ಭುಜದ ಕ್ಷೇತ್ರಫಲಕ್ಕೆ ಒಂದು ಸೂತ್ರ ಕೊಟ್ಟರು. ನಾಲ್ಕು ಬದಿಗಳನ್ನು ಕೂಡಿಸಿ ಅರ್ಧ ಮಾಡು; ಆ ಅರ್ಧದಿಂದ ಒಂದೊಂದು ಬದಿಯನ್ನು ಕಳೆ; ಬಂದ ನಾಲ್ಕು ಶೇಷಗಳನ್ನು ಗುಣಿಸಿ ವರ್ಗಮೂಲ ತೆಗೆ. ಸೂತ್ರ ಸುಂದರವಾಗಿದೆ. ಆದರೆ ಬದಿಗಳು ನಾಲ್ಕೇ, ಐದನೆಯದು ಎಲ್ಲಿ?

ಈ ಪ್ರಶ್ನೆಯನ್ನು ಎತ್ತಿದವರು ಭಾಸ್ಕರಾಚಾರ್ಯರು. ಕ್ರಿ.ಶ. 1114ರಲ್ಲಿ ಹುಟ್ಟಿದ ಅವರು, ತಮ್ಮ ಊರು ಸಹ್ಯಾದ್ರಿಯ ಸಮೀಪದ ವಿಜ್ಜಡವಿಡ ಎಂದು ಹೇಳಿಕೊಂಡಿದ್ದಾರೆ. ಆ ಊರು ವಿಜಾಪುರವೇ ಎಂದು ನಾವು, ಅಲ್ಲವೆಂದು ಮಹಾರಾಷ್ಟ್ರದ ವಿದ್ವಾಂಸರು ವಾದಿಸುತ್ತ ಬಂದಿದ್ದೇವೆ. ಆ ವಾದ ಇಲ್ಲಿ ಬೇಡ. ಕ್ಷೇತ್ರಗಣಿತ ನಮ್ಮ ನಾಡಿಗೆ ಹೊಸದೇನೂ ಆಗಿರಲಿಲ್ಲ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಳ್ವಿಕೆಯ ಕಾಲಕ್ಕೆ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ ಬಂದಿತ್ತು. ಹನ್ನೆರಡನೆಯ ಶತಮಾನದ ರಾಜಾದಿತ್ಯ ‘ಕ್ಷೇತ್ರಗಣಿತ’ವನ್ನು ಕನ್ನಡದಲ್ಲೇ ಬರೆದ.

ಭಾಸ್ಕರರು 1150ರ ‘ಲೀಲಾವತಿ’ಯಲ್ಲಿ ಹೇಳುವುದರ ಸಾರಾಂಶವಿದು. ಬದಿಗಳು ಅವೇ ಇದ್ದರೂ ಚತುರ್ಭುಜದ ಕರ್ಣಗಳು ಬೇರೆ ಬೇರೆ ಆಗಬಹುದು. ಕರ್ಣ ಬದಲಾದರೆ ಕ್ಷೇತ್ರಫಲ ಬದಲಾಗುತ್ತದೆ. ಹಾಗಿರುವಾಗ ಬರೀ ನಾಲ್ಕು ಬದಿಗಳನ್ನು ಕೊಟ್ಟು ಫಲ ಎಷ್ಟೆಂದು ಕೇಳುವುದೇ ತಪ್ಪು. ಒಂದು ಲಂಬವನ್ನೋ ಒಂದು ಕರ್ಣವನ್ನೋ ಹೇಳಿ ಆಮೇಲೆ ಕೇಳಬೇಕು. ಹೇಳದೆ ಕೇಳುವವನು ಪಿಶಾಚಿ; ಹಾಗೆ ಕೇಳಿದ್ದಕ್ಕೆ ಉತ್ತರ ಕೊಡುವವನು ಅವನಿಗಿಂತ ಕಡೆ. ಗಣಿತಗ್ರಂಥದಲ್ಲಿ ಇಷ್ಟು ಖಾರದ ಮಾತು ಅಪರೂಪ. ತ್ರಿಭುಜಕ್ಕೆ ಆ ಸೂತ್ರ ಸ್ಫುಟ, ಚತುರ್ಭುಜಕ್ಕೆ ಅಸ್ಫುಟ ಎಂದು ಅವರ ತೀರ್ಪು.

ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ನಮ್ಮ ತರುಣನ ಗಿರಾಕಿ ಮಾಡಿದ್ದು ಏನು? ನಾಲ್ಕು ಬದಿ ಹೇಳಿ ಐದನೆಯದನ್ನು ಬಿಟ್ಟದ್ದು. ತರುಣ ಮಾಡಿದ್ದು ಏನು? ಐದನೆಯದನ್ನು ಕೇಳದೆ ಉತ್ತರ ಕೊಟ್ಟದ್ದು. ಭಾಸ್ಕರರ ನ್ಯಾಯದಲ್ಲಿ ಇಬ್ಬರಿಗೂ ಬೈಗುಳವುಂಟು. ನಮ್ಮ ಕಾಲದ ನ್ಯಾಯದಲ್ಲಿ ಸಂಬಳ ಹೋದದ್ದು ಒಬ್ಬನದು ಮಾತ್ರ.

ನಿಳೆಯ ದಡದಲ್ಲಿ

ಮುಂಬಯಿಯ ಕುರ್ಲಾದಿಂದ ಹೊರಡುವ ನೇತ್ರಾವತಿ ಎಕ್ಸ್‌ಪ್ರೆಸ್ ಮಂಗಳೂರನ್ನು ಬಳಸಿಕೊಂಡು ಕಾಸರಗೋಡಿನ ಮೂಲಕ ಕೇರಳಕ್ಕೆ ಇಳಿಯುತ್ತದೆ. ಕಾಸರಗೋಡಿನಲ್ಲಿ ಇನ್ನೂ ಕಿವಿಗೆ ಬೀಳುತ್ತಿದ್ದ ಕನ್ನಡ ಮುಂದೆ ಮುಂದೆ ಮಲಯಾಳಕ್ಕೆ ಜಾಗ ಬಿಡುತ್ತದೆ. ತಿರೂರು ದಾಟಿದ ಮೇಲೆ ಷೊರನೂರಿನವರೆಗೆ ಬಹಳ ದೂರ ರೈಲುಹಾದಿಯ ಪಕ್ಕದಲ್ಲೇ ಭಾರತಪ್ಪುಳ ಹರಿಯುತ್ತದೆ. ಇದಕ್ಕೇ ನಿಳಾ ಎಂಬ ಹೆಸರು. ಹದಿನೈದು-ಹದಿನಾರನೆಯ ಶತಮಾನಗಳಲ್ಲಿ ಈ ನದಿಯ ಸುತ್ತಿನ ಗ್ರಾಮಗಳಲ್ಲಿ ಗಣಿತದ ಒಂದು ಗುರುಪರಂಪರೆಯೇ ನೆಲಸಿತ್ತು. ನಿಳೆ ಕಡಲನ್ನು ಸೇರುವ ಸೀಮೆಯ ಆಲತ್ತೂರು ಗ್ರಾಮದಲ್ಲಿ ವಟಶ್ಶೇರಿ ಪರಮೇಶ್ವರರಿದ್ದರು. 1431ರಲ್ಲಿ ‘ದೃಗ್ಗಣಿತ’ವನ್ನು ರಚಿಸಿದವರು, ಐವತ್ತೈದು ವರ್ಷ ಗ್ರಹಣಗಳನ್ನು ಕಣ್ಣಾರೆ ನೋಡಿ ಲೆಕ್ಕ ತಿದ್ದಿದವರು.

ಈ ಪರಮೇಶ್ವರರು ‘ಲೀಲಾವತಿ’ಗೆ ವ್ಯಾಖ್ಯಾನ ಬರೆದರು. ಪುಸ್ತಕ ನಮ್ಮ ಕಡೆಯಿಂದ ಹೋದದ್ದು. ಅದರ ಮೇಲಿನ ವಿಚಾರ ಅಲ್ಲಿ ಬೆಳೆಯಿತು. ಬ್ರಹ್ಮಗುಪ್ತರು ಹೇಳದೆ ಬಿಟ್ಟ ಐದನೆಯ ಕಟ್ಟಳೆ ಯಾವುದು? ನಾಲ್ಕು ಮೂಲೆಗಳೂ ಒಂದೇ ವೃತ್ತದ ಮೇಲಿರಬೇಕು ಎಂಬುದು. ಶಾಲೆಯಲ್ಲಿ ನಾವು ಚಕ್ರೀಯ ಚತುರ್ಭುಜ ಎಂದು ಕಲಿತದ್ದು ಇದನ್ನೇ. ಆ ಮಾತನ್ನು ಸೇರಿಸಿದ ಕೂಡಲೇ ಅಲುಗುತ್ತಿದ್ದ ಆಕೃತಿ ನಿಲ್ಲುತ್ತದೆ, ಬ್ರಹ್ಮಗುಪ್ತರ ಸೂತ್ರ ಅಸ್ಫುಟವಾಗದೆ ನಿಖರವಾಗುತ್ತದೆ. ಪರಮೇಶ್ವರರು ಒಂದು ಹೆಜ್ಜೆ ಮುಂದೆ ಹೋಗಿ, ನಾಲ್ಕು ಬದಿಗಳಿಂದಲೇ ಆ ಪರಿವೃತ್ತದ ತ್ರಿಜ್ಯ ಎಷ್ಟೆಂದು ತಿಳಿಯುವ ಸೂತ್ರವನ್ನು ಕೊಟ್ಟರು. ಯುರೋಪಿನಲ್ಲಿ ಇದು ಲೂಯಿಲಿಯೇ ಎಂಬವರಿಂದ 1782ರಲ್ಲಿ ಬಂತು.

ಒಂದು ಉದಾಹರಣೆ ನೋಡೋಣ. ಮನೆಯ ಮಕ್ಕಳಿಂದಲೂ ಮಾಡಿಸಬಹುದು. ಬದಿಗಳು ಕ್ರಮವಾಗಿ 25, 39, 60, 52 ಇರಲಿ. ಮೊತ್ತದ ಅರ್ಧ 88. ಶೇಷಗಳು 63, 49, 28, 36. ಇವುಗಳ ಗುಣಲಬ್ಧದ ವರ್ಗಮೂಲ 1764. ಆದರೆ ಕಡ್ಡಿಗಳನ್ನು ಸೇರಿಸಿ ನೋಡಿದರೆ, 25 ಮತ್ತು 39ರ ಬದಿಗಳನ್ನು ಒಂದು ಕಡೆಗೂ ಉಳಿದೆರಡನ್ನು ಇನ್ನೊಂದು ಕಡೆಗೂ ಬಿಡುವ ಕರ್ಣ 14ರಿಂದ 64ರ ನಡುವೆ ಎಷ್ಟು ಬೇಕಾದರೂ ಆಗಬಹುದು. ಭಾಸ್ಕರರ ಗದರಿಕೆ ಸರಿಯೇ. ಮೂಲೆಗಳು ಒಂದೇ ವೃತ್ತದ ಮೇಲಿರಲಿ ಎಂದೊಡನೆ ಆ ಕರ್ಣ 56ಕ್ಕೆ ನಿಲ್ಲುತ್ತದೆ, ಇನ್ನೊಂದು ಕರ್ಣ 63 ಆಗುತ್ತದೆ, ವೃತ್ತದ ವ್ಯಾಸ 65. ಕರ್ಣದ ಎರಡೂ ಬದಿಯ ತ್ರಿಭುಜಗಳನ್ನು ಬೇರೆ ಬೇರೆಯಾಗಿ ಲೆಕ್ಕ ಮಾಡಿದರೆ 420 ಮತ್ತು 1344. ಕೂಡಿಸಿದರೆ ಅದೇ 1764. ಬ್ರಹ್ಮಗುಪ್ತರ ಸೂತ್ರವೂ ಸರಿಯೇ. ಇಬ್ಬರೂ ಸರಿಯಾಗಿರುವಾಗ ಜಗಳವೆಲ್ಲಿಂದ ಬಂತು? ಮನಸ್ಸಿನಲ್ಲಿದ್ದ ಒಂದು ಕಟ್ಟಳೆ ಕಾಗದಕ್ಕೆ ಬಾರದೆ ಉಳಿದದ್ದರಿಂದ.

ಸುಮಾರು 1530ರಲ್ಲಿ ಜ್ಯೇಷ್ಠದೇವರು ‘ಯುಕ್ತಿಭಾಷಾ’ ಎಂಬ ಗ್ರಂಥದಲ್ಲಿ ವೃತ್ತದೊಳಗಿನ ಈ ಚತುರ್ಭುಜದ ಸಂಗತಿಗಳನ್ನು ಹಂತಹಂತವಾಗಿ ಸಾಧಿಸಿ ತೋರಿಸಿದರು. ಅದೂ ಸಂಸ್ಕೃತ ಶ್ಲೋಕದಲ್ಲಿ ಅಲ್ಲ, ಮಲಯಾಳ ಗದ್ಯದಲ್ಲಿ. ಮಾತೃಭಾಷೆಯಲ್ಲಿ ವಿಜ್ಞಾನ ಬರೆಯಲಾಗದು ಎಂಬ ಮಾತು ಈಗಲೂ ಸಭೆಗಳಲ್ಲಿ ಕೇಳಿಬರುವಾಗ ಈ ಸಂಗತಿಯನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಓಲೆಗರಿಯಲ್ಲಿದ್ದ ಆ ಗ್ರಂಥದ ಗಣಿತಭಾಗ ರಾಮವರ್ಮ ತಂಬುರಾನ್ ಮತ್ತು ಅಖಿಲೇಶ್ವರ ಅಯ್ಯರ್ ಅವರ ಟಿಪ್ಪಣಿಗಳೊಡನೆ 1948ರಲ್ಲಿ ತ್ರಿಶೂರಿನಲ್ಲಿ ಅಚ್ಚಾಯಿತು. ಮುಂದೆ ಕೆ. ವಿ. ಶರ್ಮ ಅವರು ಬಾಳಿನ ಬಹುಭಾಗವನ್ನು ಈ ಪರಂಪರೆಯ ಗ್ರಂಥಗಳ ಸಂಪಾದನೆಗೆ ಸವೆಸಿದರು. ಯುಕ್ತಿಭಾಷೆಯ ಇಂಗ್ಲಿಷ್ ಅನುವಾದ ಹೊರಬಂದದ್ದು ಅವರು ತೀರಿಕೊಂಡ ಮೂರು ವರ್ಷಗಳ ಮೇಲೆ, 2008ರಲ್ಲಿ.

ಕೊಚ್ಚಿಯ ಕೋಲು

ಗಣಿತಜ್ಞರ ಮಾತಾಯಿತು. ಕೈಕಸುಬಿನವರು ಏನು ಮಾಡುತ್ತಿದ್ದರು? ಕೊಚ್ಚಿಯ ಮಟ್ಟಾಂಚೇರಿ ಅರಮನೆಯ ನಡುವಂಕಣದಲ್ಲಿ ನಿಂತಾಗ ಈ ಪ್ರಶ್ನೆ ನಮಗೆ ಎದುರಾಯಿತು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಕಟ್ಟಿಸಿ ಕೊಚ್ಚಿಯ ಅರಸರಿಗೆ ಕೊಟ್ಟದ್ದಾದರೂ, ಅದರ ರಚನೆ ಕೇರಳದ ನಾಲುಕೆಟ್ಟಿನದು: ನಡುವೆ ಅಂಗಳ, ನಾಲ್ಕು ಕಡೆ ಮನೆ. ನಮ್ಮ ತೊಟ್ಟಿಮನೆಯ ಹತ್ತಿರದ ಬಂಧು.

ಕೇರಳದ ತಚ್ಚನಿಗೆ, ಅಂದರೆ ಬಡಗಿಗೆ, ಅಳತೆಯ ಕೋಲೇ ಸರ್ವಸ್ವ. ಒಂದು ಕೋಲಿಗೆ 24 ಅಂಗುಲ. ಇಂದಿನ ಲೆಕ್ಕದಲ್ಲಿ 72 ಸೆಂಟಿಮೀಟರು. ಆತ ಮನೆಯ ಉದ್ದ ಅಗಲಗಳನ್ನು ಮೊದಲು ಹೇಳುವುದಿಲ್ಲ. ಮೊದಲು ಹೇಳುವುದು ಸುತ್ತಳತೆಯನ್ನು. ‘ಮನುಷ್ಯಾಲಯ ಚಂದ್ರಿಕೆ’ಯಂಥ ಗ್ರಂಥಗಳ ಸಂಪ್ರದಾಯದಂತೆ, ಕೋಲಿನಲ್ಲಿ ಅಳೆದ ಸುತ್ತಳತೆಯನ್ನು ಮೂರರಿಂದ ಗುಣಿಸಿ ಎಂಟರಿಂದ ಭಾಗಿಸಬೇಕು, ಉಳಿದ ಶೇಷ ಯೋನಿ. ಒಂದು ಉಳಿದರೆ ಪೂರ್ವಕ್ಕೆ ಸೇರಿದ್ದು, ಮೂರು ದಕ್ಷಿಣಕ್ಕೆ, ಐದು ಪಶ್ಚಿಮಕ್ಕೆ, ಏಳು ಉತ್ತರಕ್ಕೆ. ಸಮಸಂಖ್ಯೆ ವರ್ಜ್ಯ. ಸುತ್ತಳತೆ 27 ಕೋಲು ಎನ್ನಿ. ಮೂರು ಪಟ್ಟು 81. ಎಂಟರಿಂದ ಭಾಗಿಸಿದರೆ ಶೇಷ ಒಂದು. ಆದರೆ ಸುತ್ತಳತೆಯೊಂದರಿಂದ ಮನೆ ನಿಲ್ಲದು. ಉದ್ದ 7 ಕೋಲು, ಅಗಲ 6½ ಆದರೂ ಸುತ್ತು 27. ಉದ್ದ 10, ಅಗಲ 3½ ಆದರೂ 27. ಇನ್ನೂ ಒಂದು ಸ್ವಾತಂತ್ರ್ಯ ಉಳಿದಿದೆ. ಆದ್ದರಿಂದ ಉದ್ದಕ್ಕೂ ಅಗಲಕ್ಕೂ ಇಂಥ ಪ್ರಮಾಣವಿರಬೇಕೆಂಬ ಎರಡನೆಯ ನಿಯಮ. ಮೂಲೆಗಳು ಲಂಬವೆಂಬುದು ಹೇಳದೆಯೇ ಒಪ್ಪಿದ ಮಾತು. ಶುಭಾಶುಭದ ನಂಬಿಕೆ ಅವರವರಿಗೆ ಬಿಟ್ಟದ್ದು. ತಚ್ಚ ಅಂಕಿಗಳಿಗಿಂತ ಮೊದಲು ಸಂಬಂಧಗಳನ್ನು ಗೊತ್ತುಮಾಡಿಕೊಳ್ಳುತ್ತಿದ್ದ ಎಂಬುದೇ ನಮ್ಮ ವಿಷಯಕ್ಕೆ ಬೇಕಾದದ್ದು.

ಅದೇ ಕೊಚ್ಚಿಯಲ್ಲಿ ಇಪ್ಪತ್ತನೆಯ ಶತಮಾನ ಬೇರೊಂದು ಕಸುಬನ್ನು ತಂದಿತು. 1972ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಸ್ಥಾಪನೆಯಾಯಿತು. ಅಲ್ಲಿ ಕಟ್ಟಿದ ಮೊದಲ ಹಡಗು ‘ರಾಣಿ ಪದ್ಮಿನಿ’ 1981ರಲ್ಲಿ ಹೊರಬಂತು. ಹಡಗಿನ ಮೈಯಲ್ಲಿ ನೇರಗೆರೆ ಕಡಮೆ, ಬಾಗುಗಳೇ ಹೆಚ್ಚು. ಕಂಪ್ಯೂಟರ್ ಬರುವ ಮುಂಚೆ ಜಗತ್ತಿನ ಹಡಗುಕಟ್ಟೆಗಳಲ್ಲಿ ಈ ಬಾಗುಗಳನ್ನು ವಿಶಾಲವಾದ ಮರದ ನೆಲದ ಮೇಲೆ ನಿಜವಾದ ಅಳತೆಯಲ್ಲೇ ಬರೆಯುತ್ತಿದ್ದರು. ಬಳುಕುವ ಮರದ ಪಟ್ಟಿಯನ್ನು ಬಾಗಿಸಿ, ಸೀಸದ ಭಾರಗಳನ್ನಿಟ್ಟು ಹಿಡಿದು, ಅದರಗುಂಟ ಗೆರೆ ಎಳೆಯುವುದು. ಪಕ್ಕದ ನೋಟ, ಮೇಲಿನ ನೋಟ, ಅಡ್ಡ ಸೀಳಿದ ನೋಟ, ಈ ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಒಂದು ನೋಟದಲ್ಲಿ ಗೆರೆಯನ್ನು ಬೆರಳಗಲ ಸರಿಸಿದರೆ ಉಳಿದೆರಡನ್ನೂ ತಿದ್ದಬೇಕು. ಮಂಡಿಯೂರಿ ಮಾಡುವ ಆ ಕೆಲಸಕ್ಕೆ ದಿನಗಟ್ಟಲೆ ಹಿಡಿಯುತ್ತಿತ್ತು. ಅದೇ ಶಿಪ್‌ಯಾರ್ಡಿನಲ್ಲಿ ಕಟ್ಟಿ 2022ರ ಸೆಪ್ಟೆಂಬರ್ 2ರಂದು ನೌಕಾಪಡೆಗೆ ಸೇರಿದ, 262 ಮೀಟರ್ ಉದ್ದದ ‘ವಿಕ್ರಾಂತ್’ ವಿಮಾನವಾಹಕ ನೌಕೆಯ ವಿನ್ಯಾಸಕ್ಕೆ ಕಂಪ್ಯೂಟರಿನ ಮೂರು ಆಯಾಮದ ಪ್ರತಿರೂಪಗಳು ನೆರವಾದವು. ಮಂಡಿಯ ನೋವು ಹೋಯಿತು. ತಾಳೆ ನೋಡುವ ಹೊಣೆ ಹೋಗಲಿಲ್ಲ.

ತುಂಬಾದ ವರ್ಷ

ಕೊಚ್ಚಿಯಿಂದ ತಿರುವನಂತಪುರಕ್ಕೆ ಬಂದರೆ ನಗರದ ಹೊರವಲಯದ ಕಡಲಕರೆಯಲ್ಲಿ ತುಂಬಾ ಇದೆ. 1963ರ ನವೆಂಬರ್ 21ರಂದು ಭಾರತದ ನೆಲದಿಂದ ಮೊದಲ ಸಂಶೋಧನಾ ರಾಕೆಟ್ ಮೇಲೇರಿದ್ದು ಇಲ್ಲಿಂದ. ರಾಕೆಟ್ ಅಮೆರಿಕದ್ದು, ಹೆಸರು ನೈಕಿ-ಅಪಾಚಿ. ಬೆಸ್ತರ ಹಳ್ಳಿಯ ಸಂತ ಮೇರಿ ಮ್ಯಾಗ್ಡಲೀನ್ ಚರ್ಚನ್ನು ವಿಜ್ಞಾನದ ಕೆಲಸಕ್ಕೆಂದು ಬಿಟ್ಟುಕೊಟ್ಟಿದ್ದರು. ಪ್ರಾರ್ಥನೆಯ ಕೋಣೆ ತಮ್ಮ ಮೊದಲ ಪ್ರಯೋಗಶಾಲೆಯಾಗಿತ್ತೆಂದೂ, ಬಿಷಪರ ಕೋಣೆ ವಿನ್ಯಾಸ ಮತ್ತು ನಕ್ಷೆಗಳ ಕಚೇರಿಯಾಗಿತ್ತೆಂದೂ ಅಬ್ದುಲ್ ಕಲಾಂ ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಆ ಚರ್ಚು ಇಂದು ಬಾಹ್ಯಾಕಾಶ ವಸ್ತುಸಂಗ್ರಹಾಲಯ. 1967ರ ನವೆಂಬರಿನಲ್ಲಿ ನಮ್ಮದೇ ಆದ ರೋಹಿಣಿ ರಾಕೆಟ್ ಆರ್‌ಎಚ್-75 ಇಲ್ಲಿಂದ ಹಾರಿತು. 75 ಎಂಬುದು ಮಿಲಿಮೀಟರಿನಲ್ಲಿ ಅದರ ವ್ಯಾಸ. ಅದರ ಹೆಸರೇ ಒಂದು ಅಳತೆ.

ಆ ಕಾಲದ ನಕ್ಷೆಯ ಕೆಲಸವನ್ನು ಬಲ್ಲ ವಾಚಕರು ನಮ್ಮಲ್ಲಿ ಇನ್ನೂ ಇದ್ದಾರೆ. ಟಿ-ಸ್ಕ್ವೇರ್, ಮೂಲೆಮಟ್ಟ, ಕೈವಾರ. ಟ್ರೇಸಿಂಗ್ ಕಾಗದದ ಮೇಲೆ ಮಸಿ. ತಪ್ಪಾದರೆ ಬ್ಲೇಡಿನಿಂದ ಹೆರೆಯುವುದು. ಟಿ-ಸ್ಕ್ವೇರ್ ಹಿಡಿದು ಎಳೆದಾಗ ಗೆರೆಗಳು ಸಮಾಂತರವೇ ಬರುತ್ತವೆ. ಆದರೆ ಎಳೆದು ಮುಗಿದ ಮೇಲೆ ಕಾಗದಕ್ಕೆ ಆ ಸಮಾಂತರದ ನೆನಪಿರುವುದಿಲ್ಲ. ಒಂದು ವ್ಯಾಸ ಬದಲಾದರೆ ಅದಕ್ಕೆ ಹೊಂದಿದ ಎಲ್ಲವನ್ನೂ ಮನುಷ್ಯನೇ ನೆನಪಿಟ್ಟು ತಿದ್ದಬೇಕು. ಕಟ್ಟಳೆ ಇದ್ದದ್ದು ಡ್ರಾಫ್ಟ್ಸ್‌ಮನ್ನನ ತಲೆಯಲ್ಲಿ. ಆತ ನಿವೃತ್ತನಾದರೆ ಅದೂ ನಿವೃತ್ತ.

ಇಲ್ಲಿ ಚರಿತ್ರೆಯ ಒಂದು ಆಕಸ್ಮಿಕವಿದೆ. ತುಂಬಾದಲ್ಲಿ ರಾಕೆಟ್ ಹಾರಿದ ಅದೇ 1963ರ ಜನವರಿಯಲ್ಲಿ, ಅಮೆರಿಕದ ಎಂ.ಐ.ಟಿ.ಗೆ ಐವನ್ ಸದರ್ಲೆಂಡ್ ಎಂಬ 24 ವರ್ಷದ ತರುಣ ‘ಸ್ಕೆಚ್‌ಪ್ಯಾಡ್’ ಎಂಬ ಪ್ರಬಂಧ ಸಲ್ಲಿಸಿದರು. ಟಿಎಕ್ಸ್-2 ಎಂಬ ಕಂಪ್ಯೂಟರಿನ ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಗೆರೆ ಎಳೆಯುವ ವ್ಯವಸ್ಥೆ ಅದು. ಅವರು ಪ್ರಬಂಧದ ಮೊದಲಲ್ಲೇ ಕೊಡುವ ಉದಾಹರಣೆ ಕುತೂಹಲಕರವಾಗಿದೆ. ಓರೆಕೋರೆಯಾದ ಒಂದು ಷಡ್ಭುಜ ಬರೆ. ಒಂದು ವೃತ್ತ ಬರೆ. ಷಡ್ಭುಜದ ಆರೂ ಮೂಲೆಗಳು ವೃತ್ತದ ಮೇಲಿರಲಿ ಎಂದು ಹೇಳು. ಬದಿಗಳು ಸಮವಾಗಿರಲಿ ಎಂದು ಹೇಳು. ಯಂತ್ರವೇ ಗೆರೆಗಳನ್ನು ಸರಿಸಿ ಸಮಷಡ್ಭುಜ ಮಾಡಿಕೊಡುತ್ತದೆ. ‘ಮೂಲೆಗಳು ವೃತ್ತದ ಮೇಲಿರಲಿ’ ಎಂಬ ಮಾತನ್ನು ಓದಿದಾಗ ನಮಗೆ ಆಲತ್ತೂರಿನ ಪರಮೇಶ್ವರರ ನೆನಪಾಗದೆ ಇರಲಿಲ್ಲ. ಪರಮೇಶ್ವರರ ಹೆಸರನ್ನು ಸದರ್ಲೆಂಡ್ ಹೇಳಿಲ್ಲ, ಅವರಿಗೆ ಅದರ ಅಗತ್ಯವೂ ಇರಲಿಲ್ಲ. ಆಕೃತಿಯನ್ನು ನಿಲ್ಲಿಸುವ ಒಂದೇ ಉಪಾಯ ಇಬ್ಬರಿಗೂ ಸಿಕ್ಕಿತು, ಅಷ್ಟೆ.

ಕಾಗದಕ್ಕಿಲ್ಲದ ನೆನಪು ಪರದೆಗೆ ಬಂತು. ಆದರೆ ಅದು ಕಚೇರಿಗಳಿಗೆ ಇಳಿಯಲು ಕಾಲು ಶತಮಾನ ಹಿಡಿಯಿತು. ಕಂಪ್ಯೂಟರಿನ ನಕ್ಷೆಗಳು ಬಹುಕಾಲ ವಿದ್ಯುತ್ತಿನ ಕಾಗದದಂತೆಯೇ ಇದ್ದವು. ಗೆರೆ ಚೊಕ್ಕಟ, ನೆನಪು ಶೂನ್ಯ. ರಷ್ಯದಿಂದ ವಲಸೆ ಬಂದ ಗಣಿತಜ್ಞ ಸ್ಯಾಮ್ಯುಯೆಲ್ ಗೈಸ್‌ಬರ್ಗ್ ಅವರ ಕಂಪನಿ 1988ರಲ್ಲಿ ‘ಪ್ರೊ-ಎಂಜಿನಿಯರ್’ ತಂತ್ರಾಂಶವನ್ನು ಮಾರುಕಟ್ಟೆಗೆ ತಂದ ಮೇಲೆ, ಒಂದು ಅಳತೆ ತಿದ್ದಿದರೆ ಇಡೀ ಆಕೃತಿ ತಾನೇ ತಿದ್ದಿಕೊಳ್ಳುವ ಪದ್ಧತಿ ಬಳಕೆಗೆ ಬಂತು. ಮರುವರ್ಷ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಹುಟ್ಟಿದ ಡಿ-ಕ್ಯೂಬ್ಡ್ ಎಂಬ ಸಂಸ್ಥೆ ಕಟ್ಟಳೆಗಳ ಸಮೀಕರಣಗಳನ್ನು ಬಿಡಿಸುವ ಭಾಗವನ್ನಷ್ಟೇ ಸಿದ್ಧಪಡಿಸಿ ಬೇರೆ ತಂತ್ರಾಂಶಗಳವರಿಗೆ ಒದಗಿಸತೊಡಗಿತು.

ತಿರುವನಂತಪುರಕ್ಕೆ ಈ ಕಥೆಯಲ್ಲಿ ಇನ್ನೊಂದು ಪಾತ್ರವಿದೆ. 2001ರ ಜುಲೈನಲ್ಲಿ ಭಾರತದ ಮುಕ್ತ ತಂತ್ರಾಂಶ ಪ್ರತಿಷ್ಠಾನ ರಿಚರ್ಡ್ ಸ್ಟಾಲ್ಮನ್ನರ ಉಪಸ್ಥಿತಿಯಲ್ಲಿ ಉದ್ಘಾಟನೆಗೊಂಡದ್ದು ಈ ನಗರದಲ್ಲಿ. ಮುಂದೆ ಕೇರಳದ ಸರಕಾರಿ ಶಾಲೆಗಳು ಮುಕ್ತ ತಂತ್ರಾಂಶವನ್ನೇ ಒಪ್ಪಿಕೊಂಡವು. ಅಲ್ಲಿನ ಮಕ್ಕಳು ಜಿಯೋಜೀಬ್ರಾದಲ್ಲಿ ರೇಖಾಗಣಿತ ಕಲಿಯುತ್ತಾರೆ. ವೃತ್ತದ ಮೇಲಿಟ್ಟ ಬಿಂದುವನ್ನು ಎಳೆದರೆ ಅದು ವೃತ್ತ ಬಿಟ್ಟು ಹೋಗದು. ವೃತ್ತದಗುಂಟ ಮಾತ್ರ ಸರಿಯುತ್ತದೆ. ಕಟ್ಟಳೆ ಎಂದರೇನೆಂದು ಆ ಮಗುವಿಗೆ ಬೆರಳ ತುದಿಯಲ್ಲೇ ತಿಳಿಯುತ್ತದೆ. ನಮ್ಮ ತರುಣನಿಗೆ ಹನ್ನೆರಡು ತಗಡುಗಳ ಬೆಲೆ ತೆತ್ತು ತಿಳಿಯಬೇಕಾಯಿತು.

ಉಳಿದ ಮಾತು

ಇಷ್ಟೆಲ್ಲ ಓದಿದ ಮೇಲೆ ಕೆಲವರಿಗೆ, ಹಾಗಾದರೆ ಕಂಪ್ಯೂಟರ್ ನಕ್ಷೆಯ ವಿದ್ಯೆ ನಮ್ಮ ಪೂರ್ವಿಕರಿಗೆ ಮೊದಲೇ ಗೊತ್ತಿತ್ತು ಎಂದು ಭಾಷಣ ಮಾಡುವ ಉತ್ಸಾಹ ಬರಬಹುದು. ಅದು ಸಲ್ಲದು. ಪರಮೇಶ್ವರರು ಯಂತ್ರ ಕಟ್ಟಲಿಲ್ಲ; ನೂರಾರು ಸಂಬಂಧಗಳನ್ನು ಒಟ್ಟಿಗೆ ಬಿಡಿಸುವ ವಿಧಾನ ಅವರ ಕಾಲದ್ದಲ್ಲ. ಅದನ್ನು ಅವರ ಮೇಲೆ ಹೇರಿದರೆ ಅವರು ನಿಜವಾಗಿ ಮಾಡಿದ್ದು ಮರೆಯಾಗುತ್ತದೆ. ದೊಡ್ಡವರು ಬರೆದ ಸೂತ್ರವಾದರೂ ಅದು ಯಾವ ಕಟ್ಟಳೆಯ ಕೆಳಗೆ ನಿಲ್ಲುತ್ತದೆ ಎಂದು ಕೇಳುವ ಧೈರ್ಯ ಭಾಸ್ಕರರದು. ಗದರಿಕೆಗೆ ಅಂಜಿ ಹಳೆಯ ಸೂತ್ರವನ್ನು ಬಿಸಾಡದೆ, ಬಿಟ್ಟುಹೋದ ಮಾತನ್ನು ಹುಡುಕಿ ಸೇರಿಸಿದ ತಾಳ್ಮೆ ನಿಳಾತೀರದವರದು. ನಡುವೆ ಮುನ್ನೂರು ವರ್ಷ, ಎರಡು ನಾಡು, ಎರಡು ನುಡಿ. ಹೆಮ್ಮೆಪಡಲು ಇಷ್ಟು ಸಾಲದೆ?

ಕಟ್ಟಳೆ ಕಡಮೆಯಾದರೆ ಆಕೃತಿ ವಾಲುತ್ತದೆ ಎಂದೆವು. ಹೆಚ್ಚಾದರೂ ಕಷ್ಟವೇ. ನಮ್ಮ ಉದಾಹರಣೆಯಲ್ಲಿ ಒಂದು ಕರ್ಣ 56 ಎಂದ ಮೇಲೆ ಇನ್ನೊಂದು ತಾನಾಗಿಯೇ 63. ಅದನ್ನೂ ಬರೆದರೆ ಅದು ವ್ಯರ್ಥ. 64 ಎಂದು ಬರೆದರೆ ವಿರೋಧ, ಯಂತ್ರ ಮುಷ್ಕರ ಹೂಡುತ್ತದೆ. ಬೇಕಾದಷ್ಟನ್ನು ಹೇಳಿ, ಬೇಡದ್ದನ್ನು ಹೇಳದೆ ಇರುವುದೇ ಆ ಕಸುಬಿನ ಮರ್ಮ. ಮೊದಲು ಒಂದು ಬಿಂದುವನ್ನು ನೆಲೆಗೆ ಕಟ್ಟು; ಆಮೇಲೆ ಸಂಬಂಧಗಳನ್ನು ಹೇಳು; ಕೊನೆಗೆ ಅಳತೆ ಕೊಡು; ಉಳಿದ ಸ್ವಾತಂತ್ರ್ಯ ಸೊನ್ನೆಯಾಗುವ ತನಕ ಕಾಗದವನ್ನು ಹೊರಗೆ ಕಳುಹಿಸಬೇಡ. ಅನುಭವಸ್ಥರು ಹೇಳುವ ಕ್ರಮ ಇದು.

ಊರಿಗೆ ಮರಳಿದ ಮೇಲೆ ನಮ್ಮ ತರುಣನನ್ನು ಕೂರಿಸಿಕೊಂಡು ಬಿದಿರು ಕಡ್ಡಿಗಳಿಂದ ಮೊದಲುಗೊಂಡು ಇದನ್ನೆಲ್ಲ ಹೇಳಿದೆವು. ಭಾಸ್ಕರರ ಬೈಗುಳ ಕೇಳಿ ನಕ್ಕ. ಹೋದ ಸಂಬಳ ಮರಳಿ ಬರಲಿಲ್ಲ. ಆದರೆ ಕಳೆದ ತಿಂಗಳು ಇನ್ನೊಬ್ಬ ಗಿರಾಕಿ ಇದೇ ರೀತಿ ನಾಲ್ಕು ಅಳತೆ ಬರೆದು ಕಳುಹಿಸಿದಾಗ, ಈತ ಕೆಲಸ ಶುರುಮಾಡದೆ, ಒಂದು ಕರ್ಣದ ಅಳತೆಯನ್ನೂ ದಯವಿಟ್ಟು ತಿಳಿಸಿರಿ ಎಂದು ಬರೆದನಂತೆ. ಎರಡು ದಿನ ತಡವಾಯಿತೆಂದು ಮೇಲಿನವರು ಗೊಣಗಿದರಂತೆ. ಕರ್ಣದ ಅಳತೆ ಬಂತು. ತಗಡು ಕೂರಬೇಕಾದಲ್ಲಿ ಕೂತಿತು.